ನೈಟ್‌ಕ್ರಾಲರ್: ಮುಖ ಮರೆಸಿಕೊಳ್ಳದ ನೀಲಿ ಸಾಹಸಿ

ಒಂದಿಷ್ಟು ಹೊಗೆ, ಗಂಧಕದ ಘಾಟು, ‘ಬ್ಯಾಮ್ಫ್’ ಎಂಬ ಸದ್ದು. ಎದುರಿಗಿದ್ದವನು ಮಾಯ, ಮರುಕ್ಷಣವೇ ಬೆನ್ನ ಹಿಂದೆ ಪ್ರತ್ಯಕ್ಷ. ಅಮೆರಿಕದ ಮಾರ್ವೆಲ್ ಕಾಮಿಕ್ಸ್ ಓದಿದವರಿಗೆ ಬಂದವನು ನೈಟ್‌ಕ್ರಾಲರ್ ಎಂದು ಬೇರೆ ಹೇಳಬೇಕಿಲ್ಲ. ಕಥೆಯ ಪ್ರಕಾರ ಈತನ ಹೆಸರು ಕುರ್ಟ್ ವ್ಯಾಗ್ನರ್, ಊರು ಜರ್ಮನಿಯ ಬವೇರಿಯಾ, ಬೆಳೆದದ್ದು ಸರ್ಕಸ್ಸಿನಲ್ಲಿ. ನೀಲಿ ಮೈ, ಹಳದಿ ಕಣ್ಣು, ಚೂಪು ಕಿವಿ, ಬಾಣದ ತುದಿಯಂಥ ಬಾಲ, ಕೈಗೆ ಮೂರೇ ಬೆರಳು. ರೂಪದಲ್ಲಿ ಸೈತಾನ, ನಡತೆಯಲ್ಲಿ ದೈವಭಕ್ತ ಕ್ಯಾಥೊಲಿಕ್.

ಈ ಪಾತ್ರವನ್ನು ಕಲ್ಪಿಸಿದವರು ಚಿತ್ರಕಾರ ಡೇವ್ ಕಾಕ್ರಮ್. ಅವರು ಇದನ್ನು ಮೊದಲು ಒಯ್ದದ್ದು ಪ್ರತಿಸ್ಪರ್ಧಿ ಡಿಸಿ ಸಂಸ್ಥೆಗೆ. ರೂಪ ತೀರಾ ವಿಚಿತ್ರವಾಗಿದೆ ಎಂದು ಅಲ್ಲಿನ ಸಂಪಾದಕರು ತಿರಸ್ಕರಿಸಿದರು. ಬಳಿಕ ಬರಹಗಾರ ಲೆನ್ ವೀನ್ ಜೊತೆ ಸೇರಿ ಕಾಕ್ರಮ್ ರೂಪಿಸಿದ ‘ಜೈಂಟ್-ಸೈಜ್ ಎಕ್ಸ್-ಮೆನ್’ ಮೊದಲ ಸಂಚಿಕೆಯಲ್ಲಿ, 1975ರಲ್ಲಿ, ಅದೇ ಪಾತ್ರ ಬೆಳಕು ಕಂಡಿತು. ರಾಕ್ಷಸನೆಂದು ಭಾವಿಸಿದ ಹಳ್ಳಿಗರು ಅಟ್ಟಿಸಿಕೊಂಡು ಬಂದು ಕೊಲ್ಲಲು ನಿಂತಾಗ ಪ್ರೊಫೆಸರ್ ಕ್ಸೇವಿಯರ್ ಅವನನ್ನು ಪಾರುಮಾಡಿ ಎಕ್ಸ್-ಮೆನ್ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ.

ಅವನ ಅಂತರ್ಧಾನಕ್ಕೂ ಕಟ್ಟಳೆಗಳಿವೆ. ಮಾಯವಾದವನು ಕ್ಷಣಮಾತ್ರ ಬೇರೊಂದು ಲೋಕವನ್ನು ಹಾದು ಬರುತ್ತಾನೆ. ಗಂಧಕದ ವಾಸನೆ ಅಲ್ಲಿಯದು. ಹೋಗುವ ಜಾಗ ಕಣ್ಣಿಗೆ ಕಾಣುವಂತಿರಬೇಕು, ಇಲ್ಲವೇ ಚೆನ್ನಾಗಿ ಪರಿಚಿತವಾಗಿರಬೇಕು. ಇಲ್ಲವಾದರೆ ಗೋಡೆಯೊಳಗೇ ಸಿಲುಕುವ ಭಯ. ದೂರ ಹೆಚ್ಚಿದಂತೆ, ಜೊತೆಗೊಬ್ಬರನ್ನು ಒಯ್ದಾಗ, ಮೈ ಸೋಲುತ್ತದೆ. ಈ ಮಿತಿಗಳಿಲ್ಲದಿದ್ದರೆ ಕಥೆಗಾರರಿಗೆ ಬರೆಯಲು ಏನೂ ಉಳಿಯುತ್ತಿರಲಿಲ್ಲವೇನೋ.

ಮಾಯವಾಗಬಲ್ಲವನು ತನ್ನ ಮುಖವನ್ನು ಮರೆಸಿಕೊಳ್ಳಬೇಕೇ ಎಂಬುದು ಕಥೆಯ ನಿಜವಾದ ಪ್ರಶ್ನೆ. ಆರಂಭದ ಸಂಚಿಕೆಗಳಲ್ಲಿ ಕುರ್ಟ್‌ಗೆ ರೂಪ ಬದಲಿಸಿ ತೋರಿಸುವ ಉಪಕರಣವೊಂದನ್ನು ಕೊಡಲಾಗುತ್ತದೆ. ಅವನು ಅದನ್ನು ಬಳಸಿ ಹಳೆಯ ಹಾಲಿವುಡ್‌ನ ಕತ್ತಿವರಸೆಯ ನಾಯಕ ಎರಾಲ್ ಫ್ಲಿನ್‌ನ ವೇಷದಲ್ಲಿ ನಗರ ಸುತ್ತುತ್ತಾನೆ. ಕ್ರಮೇಣ ಅದನ್ನು ಬದಿಗಿಟ್ಟು ಇದ್ದಂತೆಯೇ ಬೀದಿಗಿಳಿಯುತ್ತಾನೆ. ಕಾಕ್ರಮ್ ಬಯಸಿದ್ದು ಈ ಲವಲವಿಕೆಯ ಸಾಹಸಿಯನ್ನೇ. 1985-86ರಲ್ಲಿ ಅವರೇ ಬರೆದು ಚಿತ್ರಿಸಿದ ನಾಲ್ಕು ಸಂಚಿಕೆಗಳ ಕಿರುಸರಣಿ ಅದಕ್ಕೆ ಸಾಕ್ಷಿ.

ಕಿರುತೆರೆ ಆರಿಸಿಕೊಂಡದ್ದು ಭಕ್ತನನ್ನು. 1995ರಲ್ಲಿ ಅನಿಮೇಷನ್ ಸರಣಿಯ ‘ನೈಟ್‌ಕ್ರಾಲರ್’ ಕಂತಿನಲ್ಲಿ ಅವನು ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ವಾಸಿಸುತ್ತಾನೆ. ಅವನ ಮಾತಿನಿಂದ ಕದಡಿದ ವುಲ್ವರಿನ್ ಕೊನೆಗೆ ಚರ್ಚಿನಲ್ಲಿ ಪ್ರಾರ್ಥನೆಗೆ ಮೊಣಕಾಲೂರುತ್ತಾನೆ. ಮಕ್ಕಳ ಕಾರ್ಯಕ್ರಮದಲ್ಲಿ ಇಂಥದ್ದು ಅಪರೂಪ. 2000ದಲ್ಲಿ ಆರಂಭವಾದ ‘ಎಕ್ಸ್-ಮೆನ್: ಎವಲ್ಯೂಷನ್’ ಅವನನ್ನು ಶಾಲಾ ಹುಡುಗನನ್ನಾಗಿಸಿ, ಸಹಪಾಠಿಗಳ ನಡುವೆ ಮತ್ತೆ ಆ ಉಪಕರಣದ ಮರೆಗೆ ನಿಲ್ಲಿಸಿತು.

2003ರ ‘ಎಕ್ಸ್2’ ಚಿತ್ರದಲ್ಲಿ ಸ್ಕಾಟ್ಲೆಂಡ್‌ನ ನಟ ಅಲನ್ ಕಮ್ಮಿಂಗ್ ಈ ಪಾತ್ರಕ್ಕೆ ಜೀವ ತುಂಬಿದರು. ಚಿತ್ರ ತೆರೆದುಕೊಳ್ಳುವುದೇ ಅಮೆರಿಕದ ಶ್ವೇತಭವನದ ಮೇಲಿನ ಅವನ ದಾಳಿಯೊಂದಿಗೆ. ಮೊಜಾರ್ಟ್‌ನ ಸಂಗೀತ, ಕಾವಲುಗಾರರ ನಡುವೆ ಎದ್ದು ಅಡಗುವ ಹೊಗೆ. ಅಂತರ್ಧಾನವನ್ನು ಬೆಳ್ಳಿತೆರೆಯ ಮೇಲೆ ಇಷ್ಟು ಸೊಗಸಾಗಿ ತೋರಿಸಿದ ದೃಶ್ಯ ವಿರಳ. ಆದರೆ ನೆನಪಿನಲ್ಲಿ ಉಳಿಯುವುದು ಆಮೇಲಿನ ಪುಟ್ಟ ಸಂಭಾಷಣೆ. ಬೇಕಾದ ರೂಪ ತಾಳಬಲ್ಲ ಮಿಸ್ಟೀಕ್‌ಳನ್ನು ಅವನು, ಸದಾ ಉಳಿದವರಂತೆಯೇ ಇರಬಾರದೇಕೆ ಎಂದು ಕೇಳುತ್ತಾನೆ. ಹಾಗಿರಬೇಕಾದ ಅಗತ್ಯ ನಮಗೆ ಬರಬಾರದು ಎಂಬರ್ಥದ ಉತ್ತರ ಕೊಟ್ಟು ಅವಳು ಹೊರಟುಹೋಗುತ್ತಾಳೆ. ಕಾಮಿಕ್ಸ್‌ನಲ್ಲಿ ಅವಳು ಅವನ ತಾಯಿ ಎಂದು 1994ರಲ್ಲೇ ಬಯಲಾಗಿತ್ತು. ಚಿತ್ರ ಆ ನಂಟಿನ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಈ ಚಿತ್ರ ಜಗತ್ತಿನಾದ್ಯಂತ 40 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಮರುವರ್ಷ ಕಾಕ್ರಮ್ ತೀವ್ರ ಅನಾರೋಗ್ಯದಿಂದ ಆಸ್ಪತ್ರೆಯಲ್ಲಿದ್ದರು. ಸಹ ಕಲಾವಿದರು ಅವರ ಚಿಕಿತ್ಸೆಗೆ ಹಣ ಕೂಡಿಸಿದರು. ಆ ಬಳಿಕವಷ್ಟೇ ಮಾರ್ವೆಲ್ ಅವರೊಂದಿಗೆ ಒಪ್ಪಂದಕ್ಕೆ ಬಂದಿತು. 2006ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು.

ಅದೇ ವರ್ಷ ಬಂದ ಮೂರನೇ ಚಿತ್ರದಲ್ಲಿ ನೈಟ್‌ಕ್ರಾಲರ್ ಇರಲಿಲ್ಲ. ಕಾರಣ ಹೇಳುವ ಕೆಲಸ ವಿಡಿಯೊ ಗೇಮ್‌ನ ಪಾಲಾಯಿತು: ಹಿಂಸೆಯ ಬದುಕು ತನಗೆ ಒಗ್ಗದೆಂದು ಅವನು ತಂಡ ತೊರೆದನಂತೆ. ಕಮ್ಮಿಂಗ್ ಅವರೇ ಧ್ವನಿ ಕೊಟ್ಟ ಆ ಗೇಮ್‌ನಲ್ಲಿ ಅವನ ಮಿಂಚಿನ ಓಡಾಟ ಆಟಗಾರನ ಕೈಗೇ ಸಿಕ್ಕಿತು. 2016 ಮತ್ತು 2019ರ ಚಿತ್ರಗಳಲ್ಲಿ ಆಸ್ಟ್ರೇಲಿಯಾದ ಕೋಡಿ ಸ್ಮಿತ್-ಮೆಕ್‌ಫೀ ಎಳೆಯ ಕುರ್ಟ್ ಆಗಿ ಬಂದರೂ ಕಥೆ ಅವನಿಗೆ ಹೆಚ್ಚಿನ ಜಾಗ ಕೊಡಲಿಲ್ಲ.

ಹುಟ್ಟಿನ ಗುಟ್ಟು ಪೂರ್ತಿ ಬಯಲಾಗಲು 2023ರ ನವೆಂಬರ್ ಬರಬೇಕಾಯಿತು. ಹೆತ್ತವಳು ಮಿಸ್ಟೀಕ್‌ಳ ಸಂಗಾತಿ ಡೆಸ್ಟಿನಿ, ಪುರುಷ ರೂಪ ತಾಳಿ ತಂದೆಯಾದವಳು ಮಿಸ್ಟೀಕ್ ಎಂದು ‘ಎಕ್ಸ್-ಮೆನ್ ಬ್ಲೂ: ಒರಿಜಿನ್ಸ್’ ಸಂಚಿಕೆ ಸಾರಿತು. ಬರಹಗಾರ ಕ್ರಿಸ್ ಕ್ಲೇರ್‌ಮಾಂಟ್ ದಶಕಗಳ ಹಿಂದೆಯೇ ಹೀಗೆ ಬರೆಯಲು ಬಯಸಿದ್ದರೂ ಆಗ ಅವಕಾಶ ಸಿಕ್ಕಿರಲಿಲ್ಲ. 2003-04ರಲ್ಲಿ ಪ್ರಕಟವಾಗಿದ್ದ, ಅಜಾಜೆಲ್ ಎಂಬ ದುಷ್ಟನೇ ತಂದೆ ಎಂಬ ಕಥೆ ಇದರೊಂದಿಗೆ ಬಿದ್ದುಹೋಯಿತು. ಅನೇಕ ಓದುಗರಿಗೆ ಅದು ರುಚಿಸಿಯೂ ಇರಲಿಲ್ಲ.

2024ರ ‘ಎಕ್ಸ್-ಮೆನ್ ’97’ ಅನಿಮೇಷನ್ ಸರಣಿ ಭಕ್ತನನ್ನೂ ಕತ್ತಿವೀರನನ್ನೂ ಒಬ್ಬನಲ್ಲೇ ಕೂಡಿಸಿತು. ಗೆಳೆಯ ಗ್ಯಾಂಬಿಟ್‌ನ ಅಂತ್ಯಸಂಸ್ಕಾರ ನಡೆಸಿಕೊಟ್ಟ ಕುರ್ಟ್, ಮುಂದೆ ಎರಡು ಕೈಗಳ ಜೊತೆಗೆ ಬಾಲದಲ್ಲೂ ಕತ್ತಿ ಹಿಡಿದು ಕಾದುತ್ತಾನೆ. 1995ರಲ್ಲಿ ಧ್ವನಿ ನೀಡಿದ್ದ ಏಡ್ರಿಯನ್ ಹಫ್ ಅವರೇ ಇಲ್ಲೂ ಧ್ವನಿ ಕೊಟ್ಟರು. 2025ರ ಮಾರ್ಚ್‌ನಲ್ಲಿ ‘ಅವೆಂಜರ್ಸ್: ಡೂಮ್ಸ್‌ಡೇ’ ಚಿತ್ರದ ತಾರಾಗಣವನ್ನು ಮಾರ್ವೆಲ್ ಪ್ರಕಟಿಸಿದಾಗ ಆ ಪಟ್ಟಿಯಲ್ಲಿ ಅಲನ್ ಕಮ್ಮಿಂಗ್ ಹೆಸರೂ ಇತ್ತು. ಆಗ ಅವರ ವಯಸ್ಸು 60.