ಕೊಳವೆಯೊಳಗಿನ ಮಾರ್ದನಿ

ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡದವರು ನಮ್ಮಲ್ಲಿ ವಿರಳ. ಕಣ್ಣಿಗೆ ಬೀಳದ ಬಿರುಕು ಕಿವಿಗೆ ಬೀಳುತ್ತದೆ. ಈ ಹಳೆಯ ಉಪಾಯವನ್ನು ವಿಜ್ಞಾನ ಎಷ್ಟು ದೂರ ಕೊಂಡೊಯ್ದಿದೆಯೆಂಬ ಕಥೆಯನ್ನು ಓದಿದಾಗಲೆಲ್ಲ ನನಗೆ ಬೆರಗಿನ ಜೊತೆಗೆ ಒಂದು ಎಚ್ಚರಿಕೆಯೂ ಕೇಳಿಸುತ್ತದೆ.

ಕಥೆಯ ಮೊದಲು ಪ್ಯಾರಿಸಿನಲ್ಲಿ. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುವುದೆಂದು ೧೮೮೦ರಲ್ಲಿ ಕ್ಯೂರಿ ಸೋದರರಾದ ಝಾಕ್ ಮತ್ತು ಪಿಯೇರ್ ಕಂಡರು. ವಿದ್ಯುತ್ತು ಹಾಯಿಸಿದರೆ ಅದೇ ಹರಳು ಹಿಗ್ಗಿ ಕುಗ್ಗುವುದೆಂದು ಮರುವರ್ಷ ತೋರಿಸಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳ ಹಾವಳಿ ಹೆಚ್ಚಿದಾಗ ಫ್ರಾನ್ಸಿನ ಪಾಲ್ ಲಾಂಜ್ವೆ ಇಂಥ ಹರಳಿನಿಂದಲೇ ಕಡಲಿನೊಳಕ್ಕೆ ಶ್ರವಣಾತೀತ ಧ್ವನಿಯನ್ನು, ಎಂದರೆ ನಮ್ಮ ಕಿವಿಯ ಅಳವನ್ನು ಮೀರಿದ ಧ್ವನಿಯನ್ನು, ಕಳುಹಿಸಿ ಮಾರ್ದನಿಗೆ ಕಿವಿಗೊಟ್ಟ. ಲೋಹದೊಳಗಿನ ದೋಷಗಳನ್ನೂ ಇದರಿಂದ ಹುಡುಕಬಹುದೆಂದು ೧೯೨೮ರಲ್ಲಿ ಸೂಚಿಸಿದವನು ಲೆನಿನ್‌ಗ್ರಾಡಿನ ಸೊಕೊಲೊವ್. ಮಾರ್ದನಿ ಮರಳುವ ಕಾಲವನ್ನು ಅಳೆದು ಬಿರುಕಿನ ಆಳವನ್ನು ಹೇಳುವ ಯಂತ್ರಕ್ಕೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫ್ಲಾಯ್ಡ್ ಫೈರ್‌ಸ್ಟೋನ್ ೧೯೪೨ರಲ್ಲಿ ಪೇಟೆಂಟ್ ಪಡೆದ.

ಇಷ್ಟು ಉಪಕರಣ ಕೈಯಲ್ಲಿದ್ದೂ ಒಂದು ದುರ್ಘಟನೆ ತಪ್ಪಲಿಲ್ಲ. ಕೆನಡಾದ ಪಿಕರಿಂಗ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಇಂಧನವನ್ನು ಅಡ್ಡಲಾಗಿ ಮಲಗಿಸಿದ ನೂರಾರು ಕೊಳವೆಗಳಲ್ಲಿ ತುಂಬಿ, ಬಿಸಿಯಾದ ಭಾರಜಲವನ್ನು ಅವುಗಳಲ್ಲಿ ಒತ್ತಡದಿಂದ ಹರಿಸುತ್ತಿದ್ದರು. ಪ್ರತಿ ಕೊಳವೆಯ ಸುತ್ತ ತಣ್ಣನೆಯ ಇನ್ನೊಂದು ಕೊಳವೆ. ಒಂದಕ್ಕೊಂದು ತಗುಲದಂತೆ ನಡುವೆ ಸುರುಳಿ ತಂತಿಯ ಬಳೆಗಳು. ಕೊಳವೆ ಕೆಟ್ಟರೆ ಮೊದಲು ಸೋರುತ್ತದೆ, ಒಡೆಯುವುದು ಆಮೇಲೆ ಎಂಬುದು ತಜ್ಞರ ನಂಬಿಕೆ. ೧೯೮೩ರ ಆಗಸ್ಟ್ ೧ರಂದು ಎರಡನೆಯ ಘಟಕದ ಒಂದು ಕೊಳವೆ ಯಾವ ಸೂಚನೆಯನ್ನೂ ಕೊಡದೆ ಸುಮಾರು ಎರಡು ಮೀಟರ್ ಉದ್ದಕ್ಕೆ ಸೀಳಿತು. ದೈವವಶಾತ್ ಯಾರಿಗೂ ಗಾಯವಾಗಲಿಲ್ಲ.

ಕಾರಣ ತಿಳಿದದ್ದು ಆಮೇಲೆ. ಬಳೆ ಸ್ಥಳ ಬಿಟ್ಟು ಸರಿದಿತ್ತು. ಜೋತ ಕೊಳವೆ ತಣ್ಣನೆಯ ಕೊಳವೆಗೆ ತಗುಲಿತ್ತು. ಲೋಹದಲ್ಲಿ ಸೇರಿಕೊಂಡಿದ್ದ ಜಲಜನಕ ಆ ತಂಪಾದ ಜಾಗಕ್ಕೆ ಸರಿದು, ಗಟ್ಟಿಯೂ ಪೆಡಸೂ ಆದ ಬೊಕ್ಕೆಗಳನ್ನು ಕಟ್ಟಿತ್ತು. ಬಿರುಕು ಅಲ್ಲಿಂದ ಹೊರಟಿತು.

ಇದು ದೂರದ ದೇಶದ ಮಾತೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿರುವ ೨೨೦ ಮೆಗಾವಾಟಿನ ನಾಲ್ಕು ಘಟಕಗಳೂ ಇದೇ ಮನೆತನದವು. ಒಂದೊಂದರಲ್ಲಿ ೩೦೬ ಕೊಳವೆಗಳು. ಒಳವ್ಯಾಸ ಸುಮಾರು ಎಂಟು ಸೆಂಟಿಮೀಟರ್, ನಮ್ಮ ಅಂಗೈಯಗಲ. ಪಾಠ ಕಲಿತ ಮೇಲೆ ಕಟ್ಟಿದವಾದ್ದರಿಂದ ಇಲ್ಲಿ ಮಿಶ್ರಲೋಹ ಬೇರೆ, ಬಿಗಿಯಾಗಿ ಕೂರುವ ಬಳೆಗಳು ನಾಲ್ಕು. ವಿಕಿರಣದಿಂದಾಗಿ ಮನುಷ್ಯ ಹತ್ತಿರ ಹೋಗಲಾಗದ ಇಂಥ ಕೊಳವೆಗಳ ಒಳಕ್ಕೆ ಹೋಗಲೆಂದೇ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಒಂದು ತಪಾಸಣಾ ಯಂತ್ರವನ್ನು ರೂಪಿಸಿದರು. ಅದರ ತಲೆಯ ಹರಳುಗಳು ಸೆಕೆಂಡಿಗೆ ಲಕ್ಷಾಂತರ ಸಲ ಅದುರಿ, ನೀರಿನ ಮೂಲಕ ಗೋಡೆಯನ್ನು ತಟ್ಟಿ, ದಪ್ಪವೆಷ್ಟು, ಗೀರೆಲ್ಲಿ ಎಂದು ವಿಚಾರಿಸುತ್ತವೆ. ಬಳೆ ಎಲ್ಲಿದೆಯೆಂಬುದನ್ನು ಜೊತೆಗಿರುವ ವಿದ್ಯುತ್ ಸುರುಳಿ ತಿಳಿಸುತ್ತದೆ.

ಆದರೂ ೨೦೧೬ರ ಮಾರ್ಚ್ ೧೧ರಂದು ಗುಜರಾತಿನ ಕಾಕ್ರಾಪಾರದಲ್ಲಿ ಈ ಹೊಸ ಮಿಶ್ರಲೋಹದ ಕೊಳವೆಯೇ ಬಿರಿದು ಸೋರಿತು. ಕೊಳವೆಗಳ ಹೊರಮೈಯಲ್ಲಿ ಸವಕಳಿಯ ಕಲೆಗಳೆದ್ದಿದ್ದುವು.

ಈ ಚರಿತ್ರೆಯಿಂದ ನನಗೆ ತೋರುವುದಿಷ್ಟು: ಮಾರ್ದನಿ ಸುಳ್ಳಾಡುವುದಿಲ್ಲ, ನಿಜ, ಆದರೆ ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಯಾವ ಪ್ರಶ್ನೆ ಕೇಳಬೇಕೆಂಬುದನ್ನು ಪ್ರತಿ ಸಲವೂ ಒಡೆದ ಕೊಳವೆಯೇ ಕಲಿಸಬೇಕಾಗಿ ಬಂದಿದೆ. ಮುಂದಿನ ಪ್ರಶ್ನೆಯನ್ನು ಅದಕ್ಕೂ ಮೊದಲೇ ಕೇಳುವುದು ಹರಳಿನ ಕೆಲಸವಲ್ಲ, ಮನುಷ್ಯನದು.