ವೀರಸ್ಮಾರಕವೂ ಹಲಸಿಯ ಶಾಸನಗಳೂ

ಯುದ್ಧದಲ್ಲಿ ಮಡಿದ ಸೈನಿಕನೊಬ್ಬನಿಗೆ ಅವನ ಹುಟ್ಟೂರಿನಲ್ಲಿ ಸ್ಮಾರಕವೊಂದನ್ನು ನಿಲ್ಲಿಸಬೇಕೆಂದು ಊರಿನ ಹತ್ತು ಮಂದಿ ಹಿರಿಯರು ಗುಡಿಯ ಜಗಲಿಯಲ್ಲಿ ಕೂಡಿ ಆಲೋಚಿಸುತ್ತಿದ್ದಾರೆಂದು ಭಾವಿಸೋಣ. ಆ ಊರು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಲಸಿಯೆಂದೇ ಇರಲಿ. ಅಲ್ಲಿ ಮೊದಲು ಏಳುವ ಮಾತುಗಳು ಯಾವುವು? ಪ್ರತಿಮೆ ಕಂಚಿನದಾಗಬೇಕೋ ಕಲ್ಲಿನದಾಗಬೇಕೋ, ಎಷ್ಟು ಎತ್ತರವಿರಬೇಕು, ಎಲ್ಲಿ ನಿಲ್ಲಿಸಬೇಕು, ಯಾರ ಕೈಯಿಂದ ಅನಾವರಣ ಮಾಡಿಸಬೇಕು, ಚಂದಾ ಎಷ್ಟು ಕೂಡೀತು ಎಂಬಿವೇ. ಇವೆಲ್ಲವೂ ಬೇಕಾದ ಮಾತುಗಳೇ ಸರಿ. ಆದರೆ ಇವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡುಂಟು. ಅನಾವರಣದ ಹೂಮಾಲೆ ಬಾಡಿದ ಮೇಲೆ ಆ ಸ್ಮಾರಕವನ್ನು ನೋಡಿಕೊಳ್ಳುವವರಾರು? ಮಡಿದವನ ಮನೆಯವರನ್ನು ನೋಡಿಕೊಳ್ಳುವವರಾರು? ಇವುಗಳಿಗೆ ಉತ್ತರವನ್ನು ಅರಸಿಕೊಂಡು ಹಲಸಿಯವರು ದೂರ ಹೋಗಬೇಕಾಗಿಲ್ಲ. ಅದು ಅವರ ಊರಿನ ನೆಲದಿಂದಲೇ ದೊರೆತಿದೆ.

ಹಲಸಿಯ ಹಳೆಯ ಹೆಸರು ಪಲಾಶಿಕಾ. ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿಯಂತಿತ್ತು. ಮುಂದೆ ಹಲಸಿಗೆ ಹನ್ನೆರಡು ಸಾಸಿರವೆಂಬ ನಾಡಿಗೆ ತನ್ನ ಹೆಸರನ್ನು ಕೊಟ್ಟಿತು. 12ನೆಯ ಶತಮಾನದಲ್ಲಿ ಗೋವೆಯ ಕದಂಬರು ಇಲ್ಲಿಯ ನರಸಿಂಹ ದೇವಾಲಯಕ್ಕೆ ದತ್ತಿಗಳನ್ನು ಬಿಟ್ಟರು. ಈ ಊರಿನ ಹೊರಗೆ, ನಂದಗಡಕ್ಕೆ ಹೋಗುವ ದಾರಿಯಲ್ಲಿ, ಚಕ್ರತೀರ್ಥವೆಂಬ ಚಿಕ್ಕ ಬಾವಿಯ ಬಳಿಯ ಮಣ್ಣುದಿಬ್ಬದಲ್ಲಿ 19ನೆಯ ಶತಮಾನದಲ್ಲಿ ಕೆಲವು ತಾಮ್ರಶಾಸನಗಳು ದೊರೆತವು. ಜೆ. ಎಫ್. ಫ್ಲೀಟರು ಅವುಗಳನ್ನು ಓದಿ 1877ರಲ್ಲಿ ಪ್ರಕಟಿಸಿದರು. ಪಂಡಿತರು ಅವುಗಳಿಂದ ಕದಂಬ ಅರಸರ ವಂಶಾವಳಿಯನ್ನು ತಿಳಿದುಕೊಂಡರು. ನಾವು ಈ ದಿನ ಅವುಗಳಲ್ಲಿ ಅರಸರನ್ನು ಬಿಟ್ಟು ಒಬ್ಬ ಸೇನಾಪತಿಯ ಮನೆತನವನ್ನು ಹುಡುಕೋಣ.

ಆ ಸೇನಾಪತಿಯ ಹೆಸರು ಶ್ರುತಕೀರ್ತಿ. 5ನೆಯ ಶತಮಾನದಲ್ಲಿ ಕಾಕುಸ್ಥವರ್ಮನು ಇನ್ನೂ ಯುವರಾಜನಾಗಿದ್ದಾಗ ಖೇಟಗ್ರಾಮದಲ್ಲಿ ಇವನಿಗೆ ಭೂಮಿಯನ್ನು ಕೊಟ್ಟನು. ತನ್ನನ್ನು ಪಾರುಮಾಡಿದುದಕ್ಕೆ ಪ್ರತಿಯಾಗಿ ಯುವರಾಜನು ಹೀಗೆ ಕೊಟ್ಟನೆಂದು ಫ್ಲೀಟರು ಅರ್ಥಮಾಡಿದರು. ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಅರಸರು ಕೊಟ್ಟ ನೂರಾರು ಬಹುಮಾನಗಳಲ್ಲಿ ಒಂದಾಗುತ್ತಿತ್ತು. ಆದರೆ ಕಾಕುಸ್ಥನ ಮರಿಮಗನಾದ ರವಿವರ್ಮನ ಶಾಸನವು ಅದೇ ಕಥೆಯನ್ನು ಮತ್ತೆ ಎತ್ತಿಕೊಂಡು ಮುಂದುವರಿಸುತ್ತದೆ. ಶ್ರುತಕೀರ್ತಿಯು ತೀರಿಕೊಂಡ ಮೇಲೆ, ಶಾಂತಿವರ್ಮನ ಮಗನಾದ ಮೃಗೇಶವರ್ಮನು ಆ ಗ್ರಾಮವನ್ನು ದಾಮಕೀರ್ತಿಯ ತಾಯಿಗೆ ಕೊಟ್ಟನು. ದಾಮಕೀರ್ತಿಯ ಹಿರಿಯ ಮಗನಾದ ಜಯಕೀರ್ತಿಯು ಪ್ರತೀಹಾರನಾಗಿ ಅರಮನೆಯ ಸೇವೆಯಲ್ಲಿದ್ದನು. ರವಿವರ್ಮನು ಗ್ರಾಮದ ಹುಟ್ಟುವಳಿಯಿಂದ ಪಲಾಶಿಕೆಯಲ್ಲಿ ಪ್ರತಿವರ್ಷವೂ ಕಾರ್ತಿಕ ಪೂರ್ಣಿಮೆಯಲ್ಲಿ ಎಂಟು ದಿನಗಳ ಜಿನೇಂದ್ರಮಹಿಮೆ ನಡೆಯತಕ್ಕದ್ದೆಂದೂ, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ನಡೆಯತಕ್ಕದ್ದೆಂದೂ ಕಟ್ಟುಮಾಡಿದನು.

ಶ್ರುತಕೀರ್ತಿಯು ರಣದಲ್ಲಿಯೇ ಮಡಿದನೆಂದು ಶಾಸನವು ಹೇಳುವುದಿಲ್ಲ. ಆದರೂ ಇಲ್ಲಿ ನಡೆದುದನ್ನು ಗಮನಿಸಿ ನೋಡಬೇಕು. ಋಣಿಯಾದವನು ಒಬ್ಬ ಅರಸ. ಆ ಋಣವನ್ನು ಮರೆಯದೆ ನಡೆಸಿಕೊಂಡು ಬಂದವರು ಅವನ ಮೊಮ್ಮಗ ಮತ್ತು ಮರಿಮಗ. ಸೇನಾಪತಿಯು ಹೋದ ಮೇಲೆ ಗ್ರಾಮವು ಅರಮನೆಗೆ ಹಿಂತಿರುಗಲಿಲ್ಲ; ಒಬ್ಬ ತಾಯಿಯ ಕೈಗೆ ಬಂತು. ಹೆಸರು ಬರಿಯ ತಾಮ್ರದಲ್ಲಿ ಉಳಿಯಲಿಲ್ಲ. ವರ್ಷಕ್ಕೊಮ್ಮೆ ಊರಿನವರು ನೆರೆಯುವ ಹಬ್ಬಕ್ಕೂ ಹಸಿದವರಿಗೆ ಇಕ್ಕುವ ಅನ್ನಕ್ಕೂ ಅದು ಗಂಟುಬಿತ್ತು. ಇದೇ ಮೃಗೇಶವರ್ಮನು ಸ್ವರ್ಗಸ್ಥನಾದ ತನ್ನ ತಂದೆಯ ಮೇಲಿನ ಭಕ್ತಿಯಿಂದ ಪಲಾಶಿಕೆಯಲ್ಲಿ ಜಿನಾಲಯವೊಂದನ್ನು ಕಟ್ಟಿಸಿದಾಗಲೂ ಕಟ್ಟಡದೊಡನೆ 33 ನಿವರ್ತನ ಭೂಮಿಯನ್ನು ಬಿಟ್ಟನು. ಆದಾಯವಿಲ್ಲದ ಸ್ಮಾರಕವು ಒಂದು ತಲೆಮಾರಿಗಿಂತ ಹೆಚ್ಚು ಬಾಳದೆಂಬುದು ಆ ಕಾಲದವರಿಗೆ ಚೆನ್ನಾಗಿ ತಿಳಿದಿತ್ತು.

ಕನ್ನಡನಾಡಿನ ಬೇರೆಡೆಗಳಲ್ಲಿಯೂ ಇದೇ ನಡವಳಿಕೆ ಕಂಡುಬರುತ್ತದೆ. ನಮ್ಮ ವೀರಗಲ್ಲುಗಳನ್ನು ನೋಡದವರಾರು? ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಈ ಚಿತ್ರವನ್ನು ನಾವೆಲ್ಲರೂ ಬಲ್ಲೆವು. ಆದರೆ ಕಲ್ಲಿನ ಬರೆಹವನ್ನು ಓದಿದರೆ ಚಿತ್ರಕ್ಕಿಂತ ಹೆಚ್ಚಿನದು ತಿಳಿಯುತ್ತದೆ. ಬೆಂಗಳೂರಿನ ಬಳಿಯ ಬೇಗೂರಿನ ಕಲ್ಲು ಸುಮಾರು 890ರ ಕಾಲದ್ದು. ನಾಗತ್ತರನು ಕಾದಿ ಸತ್ತುದನ್ನು ಕೇಳಿದ ಎರೆಯಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಅದರಲ್ಲಿದೆ. ಮಂಡ್ಯ ಸೀಮೆಯ ಆತಕೂರಿನ 949–50ರ ಕಲ್ಲು ಇನ್ನೂ ವಿಚಿತ್ರವಾದುದು. ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ಬೇಟೆನಾಯಿಗೆ ಮಣಲೆರನೆಂಬ ಯೋಧನು ಅಲ್ಲಿ ಕಲ್ಲನ್ನು ನಿಲ್ಲಿಸಿ, ಎರಡು ಖಂಡುಗ ಭೂಮಿಯನ್ನು ಬಿಟ್ಟನು. ಆ ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದೂ ಬರೆಯಿಸಿದನು. ಕಲ್ಲನ್ನು ನಿಲ್ಲಿಸುವುದಕ್ಕಿಂತ ಅದನ್ನು ಕಾಯುವವನನ್ನು ಗೊತ್ತುಮಾಡುವುದು ಕಷ್ಟವೆಂದು ಮಣಲೆರನು ಅರಿತಿದ್ದನಲ್ಲವೆ? ನೆತ್ತರುಗೊಡಗೆಯೆಂಬ ಮಾತು ಹುಟ್ಟಿದ್ದು ಇಂತಹ ನಾಡಿನಲ್ಲಿ. ಚೆಲ್ಲಿದ ನೆತ್ತರಿಗೆ ಉಳಿದವರು ಸಲ್ಲಿಸುವ ಭೂಮಿಯೇ ನೆತ್ತರುಗೊಡಗೆ.

ಇದಕ್ಕೆ ಪ್ರತಿಯಾಗಿ ಹತ್ತಿರದ ಕಾಲದ ಸ್ಮಾರಕಗಳನ್ನು ನೋಡೋಣ. 1914ರಿಂದ 1918ರ ವರೆಗಿನ ಮಹಾಯುದ್ಧವು ಮುಗಿದ ಮೇಲೆ ಬ್ರಿಟಿಷ್ ಇಂಡಿಯದ ಅನೇಕ ಹಳ್ಳಿಗಳಲ್ಲಿ ಚಿಕ್ಕ ಫಲಕಗಳನ್ನು ನೆಟ್ಟರು. ಈ ಊರಿನಿಂದ ಇಷ್ಟು ಮಂದಿ ಯುದ್ಧಕ್ಕೆ ಹೋದರು, ಇವರಲ್ಲಿ ಇಷ್ಟು ಮಂದಿ ಪ್ರಾಣವನ್ನು ಒಪ್ಪಿಸಿದರು ಎಂಬಷ್ಟೇ ಬರೆಹ, ಹೆಸರಿಲ್ಲ. ಮರಾಠಾ ಪಲ್ಟಣಗಳು ಕಾದಿದ ಮೆಸೊಪೊಟೇಮಿಯದ ಬಸ್ರಾ ಸ್ಮಾರಕದಲ್ಲಿಯೂ ಇಂಡಿಯದ ಸಾಮಾನ್ಯ ಸಿಪಾಯಿಗಳನ್ನು ಹೆಸರಿನಿಂದ ಕಾಣಿಸದೆ ಸಂಖ್ಯೆಯಿಂದ ಕಾಣಿಸಿದರು. ಈ ಅಸಮತೆಯನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡಿತು. ಆ ಪಲ್ಟಣಗಳ ವಾರಸುದಾರರಾದ ಮರಾಠಾ ಲಘು ಪದಾತಿದಳದ ಕೇಂದ್ರವು 1922ರಿಂದ ಬೆಳಗಾವಿಯಲ್ಲಿಯೇ ಇದೆಯಾದ್ದರಿಂದ ಹಲಸಿಯ ಸುತ್ತಿನ ಜನಕ್ಕೆ ಇದು ಪರರ ಮಾತಲ್ಲ. ಹದಿನೈದು ಶತಮಾನಗಳ ಹಿಂದಿನ ಶ್ರುತಕೀರ್ತಿಯ ಹೆಸರು ನಮಗೆ ಗೊತ್ತು. ನೂರು ವರ್ಷಗಳ ಹಿಂದೆ ಸತ್ತ ಸಿಪಾಯಿ ಲೆಕ್ಕದ ಒಂದು ಅಂಕಿಯಾಗಿ ಉಳಿದನು.

ಆದರೆ ಜನರ ನೆನಪಿಗೆ ಸರ್ಕಾರದ ಫಲಕವೇ ಬೇಕೆಂದಿಲ್ಲ. ಹಲಸಿಯ ನೆರೆಯೂರಾದ ನಂದಗಡವೇ ಇದಕ್ಕೆ ಸಾಕ್ಷಿ. ಕಿತ್ತೂರಿನ ಪರವಾಗಿ ಕಾದಿದ ಸಂಗೊಳ್ಳಿ ರಾಯಣ್ಣನನ್ನು ಕಂಪನಿಯವರು 1831ರ ಜನವರಿ 26ರಂದು ಅಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಮೇಲೆ ಅವನ ಸಂಗಡಿಗನೊಬ್ಬನು ಆಲದ ಸಸಿಯನ್ನು ನೆಟ್ಟನೆಂದು ಜನ ಹೇಳುತ್ತಾರೆ. ಆ ಮರವು ಹೆಮ್ಮರವಾಯಿತು. ಮಕ್ಕಳನ್ನು ಬಯಸುವ ಹೆಣ್ಣುಮಕ್ಕಳು ಅಲ್ಲಿ ತೊಟ್ಟಿಲನ್ನು ಕಟ್ಟಿ ಹರಸಿಕೊಳ್ಳುತ್ತಾರೆ. ಲಾವಣಿಕಾರರು ಅವನನ್ನು ಹಾಡಿದರು. ಅವನನ್ನು ಕೊಂದ ಆಳ್ವಿಕೆ ಹೋಯಿತು. ಹರಕೆಯ ತೊಟ್ಟಿಲು ಹೋಗಲಿಲ್ಲ. ವರ್ಷ ವರ್ಷವೂ ಜನ ಬಂದು ನಿಲ್ಲಲು ಒಂದು ಕಾರಣವಿದ್ದರೆ ಸ್ಮಾರಕವು ತಾನಾಗಿ ಬಾಳುತ್ತದೆ.

ಇನ್ನು ನಮ್ಮ ಜಗಲಿಯ ಸಭೆಗೆ ಮರಳೋಣ. ಅಲ್ಲಿಯ ಹಿರಿಯರಿಗೆ ನಾವು ಅರಿಕೆಮಾಡಬಹುದಾದುದು ನಾಲ್ಕೇ ಮಾತು. ಮೊದಲನೆಯದಾಗಿ, ಕಲ್ಲಿನ ಮೇಲೆ ವಿಶೇಷಣಗಳನ್ನು ಕಡಿಮೆಮಾಡಿ ಸಂಗತಿಯನ್ನು ಹೆಚ್ಚಿಸಿರಿ. ಅವನ ಹೆಸರು, ತಂದೆತಾಯಿಗಳ ಹೆಸರು, ಪಲ್ಟಣ, ಮಡಿದ ಸ್ಥಳ, ದಿನ, ಅಂದು ಅವನು ಮಾಡಿದ ಕಾರ್ಯ ಇವಿಷ್ಟೂ ಇರಲಿ. ದಾನಿಗಳ ಹೆಸರು ಅವನ ಹೆಸರಿಗಿಂತ ದಪ್ಪವಾಗದಿರಲಿ. ಎರಡನೆಯದಾಗಿ, ಕನ್ನಡವೂ ಮರಾಠಿಯೂ ಕೂಡಿ ಬಾಳುವ ಈ ಸೀಮೆಯಲ್ಲಿ ಕಲ್ಲಿನ ಭಾಷೆಯ ವಿಷಯದಲ್ಲಿ ಜಗಳ ಹುಟ್ಟುವುದು ಸುಲಭ. ಅವನ ತಾಯಿ ಯಾವ ನುಡಿಯಲ್ಲಿ ಅವನನ್ನು ಕರೆಯುತ್ತಿದ್ದಳೋ ಆ ನುಡಿಯನ್ನು ಬಿಡದಿರಿ. ನೆರೆಯವನ ನುಡಿಗೂ ಎಡೆಯಿರಲಿ. ಸತ್ತವನ ಹೆಸರಿನಲ್ಲಿ ಬದುಕಿರುವವರು ಬಡಿದಾಡಿದರೆ ಅದು ಸ್ಮಾರಕವಾಗದು. ಮೂರನೆಯದಾಗಿ, ಕೂಡಿದ ಚಂದಾವನ್ನೆಲ್ಲ ಕಲ್ಲಿಗೇ ಸುರಿಯದೆ ಒಂದು ಭಾಗವನ್ನು ಮೂಲಧನವಾಗಿ ಕಟ್ಟಿಡಿರಿ. ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ಅವನು ಮಡಿದ ದಿನದಲ್ಲಿ ಊರ ಶಾಲೆಯ ಮಕ್ಕಳು ಕೂಡಲಿ. ಒಬ್ಬ ಬಡ ವಿದ್ಯಾರ್ಥಿಗೆ ಪುಸ್ತಕವಾಗಲಿ. ಕಲ್ಲಿನ ಸುತ್ತ ಕಸ ಬೆಳೆಯದಂತೆ ಒಬ್ಬನು ಹೊಣೆಹೊರಲಿ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಪಿಂಚಣಿಯನ್ನು ಸರ್ಕಾರ ಕೊಡುತ್ತದೆ, ನಿಜ. ಆದರೆ ಕಾಗದಪತ್ರಗಳನ್ನು ಹಿಡಿದು ಕಛೇರಿಯಿಂದ ಕಛೇರಿಗೆ ಅಲೆಯುವ ಹೆಂಡತಿಯ ಜೊತೆಗೆ ಹೋಗುವವರು ಊರಿನವರಲ್ಲದೆ ಮತ್ತಾರು? ಅನಾವರಣದ ದಿನ ಆಕೆಗೆ ಶಾಲು ಹೊದಿಸಿ, ಮರುದಿನ ಆಕೆಯ ಹೊಲದ ಬದುವನ್ನು ಒತ್ತುವ ಊರಿನಲ್ಲಿ ಎಂತಹ ಪ್ರತಿಮೆಯಿದ್ದರೂ ವ್ಯರ್ಥ. ಮೃಗೇಶವರ್ಮನು ಗ್ರಾಮವನ್ನು ದಾಮಕೀರ್ತಿಯ ತಾಯಿಗೆ ಕೊಟ್ಟನೆಂಬ ಆ ಒಂದು ಸಾಲನ್ನು ಹಲಸಿಯ ಹಿರಿಯರು ತಮ್ಮ ಸಭೆಯಲ್ಲಿ ಮೊದಲು ಓದಿಸಲಿ. ಕಲ್ಲಿನ ಎತ್ತರದ ಮಾತನ್ನು ಆಮೇಲೆ ಎತ್ತಲಿ.