ಅಚ್ಚಾಗಿ ಮರೆಯಾದ ಪುಸ್ತಕಗಳು

ಫಿನ್ನೊ-ಉಗ್ರಿಕ್ ಕುಟುಂಬದಲ್ಲಿ ತಮ್ಮದೇ ದೇಶವಿರುವ ಭಾಷೆಗಳು ಮೂರೇ: ಫಿನ್ನಿಷ್, ಎಸ್ಟೋನಿಯನ್, ಹಂಗೇರಿಯನ್. ಕೋಮಿ, ಉದ್ಮುರ್ತ್, ಮಾರಿ, ಎರ್ಜ್ಯ, ಮೋಕ್ಷ, ವೆಪ್ಸ್, ಮಾನ್ಸಿ, ಖಾಂತಿ ಮೊದಲಾದವು ರಷ್ಯದೊಳಗೆ, ಬಾಲ್ಟಿಕ್ ಸಮುದ್ರದ ಅಂಚಿನಿಂದ ಸೈಬೀರಿಯದವರೆಗೆ ಚದುರಿಹೋಗಿವೆ. ಇವುಗಳ ಡಿಜಿಟಲ್ ಗ್ರಂಥಾಲಯಗಳ ಕಥೆಯನ್ನು ಕಂಪ್ಯೂಟರಿನಿಂದ ಶುರು ಮಾಡಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ.

1840ರ ದಶಕದಲ್ಲಿ ಹಂಗೇರಿಯ ಆಂಟಲ್ ರೆಗುಲಿ ಉರಲ್ ಸೀಮೆಗೆ ಹೋಗಿ ಮಾನ್ಸಿ, ಖಾಂತಿ ಹಾಡುಗಳನ್ನು ಬರೆದುಕೊಂಡು ಬಂದ. ಅದೇ ದಶಕದಲ್ಲಿ ಫಿನ್ಲೆಂಡಿನ ಮಥಿಯಾಸ್ ಕಾಸ್ತ್ರೇನ್ ಸೈಬೀರಿಯ ಸುತ್ತಿದ; 1852ರಲ್ಲಿ, 38ನೆಯ ವಯಸ್ಸಿಗೇ ತೀರಿಕೊಂಡ. ರೆಗುಲಿ ಬರೆದುಕೊಂಡದ್ದು ಅವನ ನಂತರ ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ. ಬರ್ನಾಟ್ ಮುಂಕಾಚಿ 1888ರಲ್ಲಿ ಆ ಪ್ರತಿಯನ್ನು ಹಿಡಿದು ಮಾನ್ಸಿಗಳ ಊರಿಗೇ ಹೋಗಿ, ಹಾಡು ಬಲ್ಲವರ ಜೊತೆ ಕೂತು ಬಿಡಿಸಿಕೊಳ್ಳಬೇಕಾಯಿತು. ಖಾಂತಿ ಭಾಗಕ್ಕೆ ಮುಂದೆ ಯೋಝೆಫ್ ಪಾಪಯ್ ಹೋದ. ಬರಹ ಉಳಿದರೆ ಸಾಲದು, ಅದನ್ನು ಓದಬಲ್ಲ ಬಾಯಿಯೂ ಉಳಿದಿರಬೇಕು. ಈ ಕ್ಷೇತ್ರ ಈ ತೊಡಕನ್ನು ಮತ್ತೆ ಮತ್ತೆ ಎದುರಿಸಿದೆ.

1883ರಲ್ಲಿ ಹೆಲ್ಸಿಂಕಿಯಲ್ಲಿ ಫಿನ್ನೊ-ಉಗ್ರಿಕ್ ಸೊಸೈಟಿ ಹುಟ್ಟಿತು. ಫಿನ್ನಿಷ್ ಸಾಹಿತ್ಯ ಸಂಘ ಹಳೆಯ ಜನಪದ ಕಾವ್ಯಗಳನ್ನು 1908ರಿಂದ 1948ರವರೆಗೆ 33 ಸಂಪುಟಗಳಲ್ಲಿ ಅಚ್ಚು ಹಾಕಿತು; ಈಗ ಅವು ಅಂತರ್ಜಾಲದಲ್ಲಿ ಹುಡುಕಿ ಓದಲು ಸಿಗುತ್ತವೆ. ಈ ಪರಂಪರೆಯ ಒಂದು ಕವಲು ನಮ್ಮ ತುಳುನಾಡಿಗೂ ಬಂದಿದೆ. ಫಿನ್ಲೆಂಡಿನ ಲೌರಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ಜೊತೆಗೂಡಿ, ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯದ 15,683 ಸಾಲುಗಳನ್ನು 1998ರಲ್ಲಿ ಪ್ರಕಟಿಸಿದರು.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ತಿರುಳಿರುವುದು 1920-30ರ ದಶಕಗಳ ಸೋವಿಯತ್ ಮುದ್ರಣದಲ್ಲಿ. ಎಲ್ಲರಿಗೂ ಅವರವರ ಮಾತಿನಲ್ಲೇ ಅಕ್ಷರ ಕಲಿಸಬೇಕೆಂಬ ನೀತಿಯಿಂದಾಗಿ, ಅಲ್ಲಿಯವರೆಗೆ ಹೆಚ್ಚೇನೂ ಅಚ್ಚಾಗದಿದ್ದ ಭಾಷೆಗಳಲ್ಲೂ ಪಠ್ಯಪುಸ್ತಕ, ಪತ್ರಿಕೆ, ಬೇಸಾಯದ ಕೈಪಿಡಿಗಳು ಒಮ್ಮೆಲೇ ಹೊರಬಂದವು. ಲಿಪಿಗಳಂತೂ ಸರಕಾರದ ಮನಸ್ಸಿನಂತೆ ಬದಲಾದವು. ಕೋಮಿಗೆ ಮೊಲೊದ್ತ್ಸೊವ್ ಎಂಬಾತ ರೂಪಿಸಿದ ಅಕ್ಷರಮಾಲೆ ಬಂತು, ಅದನ್ನು ತೆಗೆದು ಲ್ಯಾಟಿನ್ ತಂದರು, ಕೊನೆಗೆ ಸಿರಿಲಿಕ್. ಇಂಗ್ರಿಯನ್ ಭಾಷೆಗೆ 1932ರಲ್ಲಿ ಬರಹದ ರೂಪ ಸಿಕ್ಕಿತು, 1937ರಲ್ಲಿ ನಿಂತೇಹೋಯಿತು. ಅದೇ ವರ್ಷ ಉದ್ಮುರ್ತ್ ಕವಿ ಕುಜೆಬಾಯ್ ಗೆರ್ದ್, ಮಾರಿ ಲೇಖಕ ಸೆರ್ಗೇಯ್ ಚಾವಾಯ್ನ್ ಗುಂಡೇಟಿಗೆ ಬಲಿಯಾದರು. ಪುಸ್ತಕಗಳು ಮಾತ್ರ ಲೆನಿನ್‌ಗ್ರಾಡಿನ ದೊಡ್ಡ ಗ್ರಂಥಾಲಯದ ಕಪಾಟುಗಳಲ್ಲಿ, ತಮ್ಮ ಓದುಗರಿಂದ ಬಹುದೂರ, ಉಳಿದುಕೊಂಡವು.

ಅವನ್ನು ಹೊರತೆಗೆದದ್ದು ಫಿನ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ. ಕೋನೆ ಪ್ರತಿಷ್ಠಾನದ ಹಣದಿಂದ 2012ರಲ್ಲಿ ಶುರುವಾದ ಯೋಜನೆಯಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ರಷ್ಯನ್ ರಾಷ್ಟ್ರೀಯ ಗ್ರಂಥಾಲಯ ಜೊತೆಗಿತ್ತು. ‘ಫೆನ್ನೊ-ಉಗ್ರಿಕಾ’ ಎಂಬ ಹೆಸರಿನಲ್ಲಿ ಆ ಕಾಲದ ಪುಸ್ತಕ, ಪತ್ರಿಕೆಗಳು ಅಂತರ್ಜಾಲಕ್ಕೆ ಬಂದವು. ಆದರೆ ಪುಟದ ಚಿತ್ರ ತೆಗೆದ ಮಾತ್ರಕ್ಕೆ ಪಠ್ಯ ಸಿಕ್ಕಂತಲ್ಲ. ಐದಾರು ವರ್ಷ ಬದುಕಿ ಸತ್ತ ಅಕ್ಷರಗಳನ್ನು ಯಂತ್ರ ತಪ್ಪುತಪ್ಪಾಗಿ ಗುರುತಿಸುತ್ತದೆ. ಅದಕ್ಕೆಂದೇ ‘ರೆವಿಜೋರ್’ ಎಂಬ ತಿದ್ದುಪಡಿ ತಂತ್ರಾಂಶ ಮಾಡಿ, ಆಯಾ ಭಾಷೆ ಬಲ್ಲವರ ಕೈಗೆ ಕೊಟ್ಟರು. ಬಂದಬಂದವರಿಗೆಲ್ಲ ಹಂಚುವ ಕೆಲಸ ಇದಲ್ಲ. ಬಲ್ಲವರು ನಾಲ್ಕೇ ಜನ ಇದ್ದರೆ ಆ ನಾಲ್ವರನ್ನೇ ಹುಡುಕಬೇಕು. ಮುಂಕಾಚಿ ಎದುರಿಸಿದ್ದೂ ಇದನ್ನೇ.

ಕೃತಿಸ್ವಾಮ್ಯದ ಕತೆ ಇನ್ನೂ ವಿಚಿತ್ರ. ರಷ್ಯದ ಕಾನೂನಿನ ಪ್ರಕಾರ, ದಮನಕ್ಕೆ ಸಿಕ್ಕಿ ಸತ್ತ ಮೇಲೆ ನಿರ್ದೋಷಿ ಎನಿಸಿಕೊಂಡ ಲೇಖಕನ ಹಕ್ಕಿನ 70 ವರ್ಷಗಳನ್ನು ಸಾವಿನಿಂದಲ್ಲ, ನಿರ್ದೋಷಿ ಎಂದು ಘೋಷಿಸಿದ ಮರುವರ್ಷದಿಂದ ಎಣಿಸುತ್ತಾರೆ. 1937ರಲ್ಲಿ ಕೊಂದು 1956ರಲ್ಲಿ ತಪ್ಪಾಯಿತೆಂದರೆ, 2026 ಮುಗಿಯುವವರೆಗೂ ಆ ಪುಸ್ತಕ ಮುಕ್ತವಲ್ಲ. ವಾರಸುದಾರರಿಗೆ ನ್ಯಾಯ ಕೊಡುವ ಈ ನಿಯಮ ಓದುಗನನ್ನು ಇನ್ನಷ್ಟು ವರ್ಷ ಕಾಯಿಸುತ್ತದೆ.

ತಿದ್ದಿದ ಪಠ್ಯ ಕೈಸೇರಿದರೆ ಅದರಿಂದ ಬೇರೆ ಕೆಲಸಗಳೂ ಹುಟ್ಟುತ್ತವೆ. ನಾರ್ವೆಯ ಟ್ರೊಮ್ಸೊದ ಗಿಯೆಲ್ಲಾತೆಕ್ನೊ ತಂಡ ಸಾಮಿ ಭಾಷೆಗಳಿಗೆಂದು ಶುರು ಮಾಡಿದ ವ್ಯಾಕರಣ ತಂತ್ರಾಂಶದ ಕೆಲಸವನ್ನು ಕೋಮಿ, ಎರ್ಜ್ಯದಂಥ ಭಾಷೆಗಳಿಗೂ ಹಬ್ಬಿಸಿದೆ. ಕೋಮಿಯ ರಾಜಧಾನಿ ಸಿಕ್ತಿವ್ಕಾರಿನಲ್ಲಿ ಸ್ಥಳೀಯರದೇ ಪ್ರಯೋಗಾಲಯವಿದ್ದು, ಕೋಮಿ ಪಠ್ಯಕೋಶ ಕಟ್ಟುತ್ತಿದೆ. ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಇದೇ, ಏಕೆಂದರೆ ಇದು ಭಾಷೆಯಾಡುವವರ ಊರಿನಲ್ಲೇ ಇದೆ. 2023ರಲ್ಲಿ ಎಸ್ಟೋನಿಯದ ತಾರ್ತು ವಿಶ್ವವಿದ್ಯಾಲಯದ ಅನುವಾದ ಯಂತ್ರ ಮಾನ್ಸಿಯನ್ನೂ ಲಾಟ್ವಿಯದ ಲಿವೋನಿಯನ್ ಭಾಷೆಯನ್ನೂ ಸೇರಿಸಿಕೊಂಡಿತು. 2024ರಲ್ಲಿ ಗೂಗಲ್ ಕೋಮಿ, ಉದ್ಮುರ್ತ್, ಮಾರಿಗಳನ್ನು ತನ್ನ ಪಟ್ಟಿಗೆ ಸೇರಿಸಿತು.

ಲಿವೋನಿಯನ್ ಮನೆಮಾತಾಗಿದ್ದ ಕೊನೆಯವರೆನಿಸಿದ ಗ್ರಿಜೆಲ್ಡಾ ಕ್ರಿಸ್ತಿನಾ 2013ರಲ್ಲಿ ಕೆನಡಾದಲ್ಲಿ ತೀರಿಕೊಂಡರು. ಈಗ ಯಂತ್ರದ ತಪ್ಪನ್ನು ಹಿಡಿಯಬೇಕಾದವರು ಪುಸ್ತಕದಿಂದ ಆ ಭಾಷೆ ಕಲಿತವರೇ. ರಷ್ಯದೊಳಗೆ 2018ರ ಕಾನೂನು ಶಾಲೆಗಳಲ್ಲಿ ಸ್ಥಳೀಯ ಭಾಷೆಯನ್ನು ಐಚ್ಛಿಕಗೊಳಿಸಿತು. ಅದನ್ನು ಪ್ರತಿಭಟಿಸಿ ಉದ್ಮುರ್ತ್ ವಿದ್ವಾಂಸ ಆಲ್ಬರ್ಟ್ ರಾಜಿನ್ 2019ರಲ್ಲಿ ಇಝೆವ್ಸ್ಕಿನಲ್ಲಿ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟರು. 2022ರ ಉಕ್ರೇನ್ ಯುದ್ಧದ ನಂತರ ಫಿನ್ಲೆಂಡ್ ಮತ್ತು ರಷ್ಯದ ವಿದ್ಯಾಸಂಸ್ಥೆಗಳ ಸಹಕಾರ ನಿಂತಿದೆ. ಮುಂಕಾಚಿಯಂತೆ ಪ್ರತಿಯನ್ನು ಹಿಡಿದು ಊರಿಗೇ ಹೋಗಿ ಕೇಳುವ ದಾರಿ ಹೆಲ್ಸಿಂಕಿಯ ವಿದ್ವಾಂಸರಿಗೆ ಸದ್ಯಕ್ಕೆ ಸುಲಭವಿಲ್ಲ.